ಕಂಬಳಿಯೊಳಗಿಂದ ತೆಗೆದ ಫೋಟೋ

ಮಕ್ಕಳೇ, ಗೋಡೆಗೆ ಹಾಕಿದ ಗಿಡುಗಗಳ ಫೋಟೋವನ್ನು ಹೇಗೆ ತೆಗೆದೆ ಎಂದು ಕೇಳುತ್ತಲೇ ಇರುತ್ತೀರಿ. ಬಾಯಲ್ಲಿ ಹೇಳಲು ನನಗೆ ಸಂಕೋಚ, ಬರೆಯುತ್ತೇನೆ.

ಚಳಿಗಾಲಕ್ಕೆ ಮಾತ್ರ ಬರುವ ಆ ಗಿಡುಗಗಳು ಸಂಜೆ ನಮ್ಮೂರಾಚೆಯ ಕಾಯ್ದಿಟ್ಟ ಹುಲ್ಲುಗಾವಲಿನಲ್ಲಿ ಮಲಗಲು ನೆಲಕ್ಕೇ ಇಳಿಯುತ್ತವೆ. ಮನುಷ್ಯರನ್ನು ಕಂಡರೆ ಇಳಿಯುವುದಿಲ್ಲ, ಕುರಿಗಳಿಗೆ ಹೆದರುವುದಿಲ್ಲ. ಅದಕ್ಕೆ ಒಂದು ಸಂಜೆ ನಾನು ಹುಲ್ಲುಗಾವಲಿನ ಅಂಚಿನಲ್ಲಿ, ವಳಸಂಗ ಊರಿನ ನನ್ನ ತಮ್ಮನ ಕುರಿಹಿಂಡಿನ ನಡುವೆ, ಅವನ ಕರಿ ಕಂಬಳಿ ಹೊದ್ದು ಮೊಬೈಲು ಹಿಡಿದು ಕುಳಿತೆ.

"ಥೇಟ್ ಕುರಿ ಹಂಗ ಕಾಣಸ್ತಿ ನೋಡಕ್ಕ! ಹಟ್ಟಿಗೆ ಹೊಡಕೊಂಡು ಹೋದೇನು," ಎಂದು ತಮ್ಮ ನಕ್ಕ.

ಹಿಂಡು ಮೇಯುತ್ತ ತಮ್ಮನೊಂದಿಗೆ ದೂರ ಹೋಯಿತು. ನಾನು ಕದಲಲಿಲ್ಲ. ಗಿಡುಗಗಳು ಬಂದು ಹುಲ್ಲಿಗೆ ತಾಗುವಂತೆ ಸುತ್ತಿದವು, ಆದರೆ ಒಂದೂ ಇಳಿಯಲಿಲ್ಲ. ನನ್ನಿಂದಲೇ ಇರಬೇಕೆಂದು ಇನ್ನಷ್ಟು ಕುಗ್ಗಿ ಫೋಟೋ ತೆಗೆದೆ. ತಿರುಗಿ ನೋಡಿದರೆ, ದೂರದ ಕುರಿಗಳೆಲ್ಲ ಮೇವು ಬಿಟ್ಟು ನನ್ನ ಕಡೆಗೇ ಮುಖ ಮಾಡಿ ನಿಂತಿದ್ದವು. ಒಂದೂ ಅರಚುತ್ತಿರಲಿಲ್ಲ.

"ಅಕ್ಕಾ, ಕಂಬಳಿ ಒಗಿ! ಎದ್ದ ನಿಂದ್ರು, ಮನಷ್ಯಾರಂಗ ನಿಂದ್ರು!" ಎಂದು ತಮ್ಮ ಕೂಗಿದ.

ಎದ್ದೆ. ನನ್ನೆದುರಿನ ಹುಲ್ಲಿನಿಂದ ತೋಳವೊಂದು ಎದ್ದು ನಿಂತಿತು. ಹಿಂದೆ ಉಳಿದ ಕುರಿ ಎಂದುಕೊಂಡು ನನ್ನನ್ನೇ ಹೊಂಚುತ್ತಿತ್ತು. ಅದು ಓಡಲಿಲ್ಲ. ನನ್ನನ್ನು ನೋಡಿ, ನಿಧಾನವಾಗಿ ಹುಲ್ಲಿನೊಳಗೆ ಹೋಯಿತು.

ಫೋಟೋದ ಕೆಳಗಿನ ಅಂಚು ನೋಡಿ, ಹುಲ್ಲಿನ ನಡುವೆ ಎರಡು ಕಿವಿಗಳಿವೆ. ಈ ಚಳಿಗಾಲ ನೀವೂ ಕಂಬಳಿ ಹೊದ್ದು ಕೂರುತ್ತೇವೆ ಎನ್ನುತ್ತಿದ್ದೀರಿ. ಅದಕ್ಕೇ ಈ ಹಾಳೆಗಳನ್ನು ಆ ಫೋಟೋದ ಹಿಂದೆಯೇ ಸಿಕ್ಕಿಸಿಡಿ, ಕಳೆಯಬೇಡಿ.