ತೌಡಿಗೆ ಮಾರಿದ ಮಗನ ಸಾಲಗಿರಾ

ಗೆಳೆಯರೇ, ಹೆತ್ತ ಮಗನ ಹುಟ್ಟಿದ ದಿನಕ್ಕೆ ಇವತ್ತು ನನಗೇ ಕರೆ ಬಂತು.

ಮೊದಲ ಎರಡು ಕೂಸುಗಳನ್ನು ಮಣ್ಣಿಗಿಟ್ಟವರು ನಾವು. ಮೂರನೆಯವನನ್ನು ಹುಟ್ಟಿದ ಕೂಡಲೇ ಮೊರದಲ್ಲಿ ಮಲಗಿಸಿ, ಪಕ್ಕದ ಮನೆಯ ಹುಸೇನಸಾಬನಿಗೆ ಹಿಡಿ ತೌಡಿಗೆ ಮಾರಿದೆವು. ಬೇರೆಯವರ ಕೂಸೆಂದು ಸಾವು ಮೋಸಹೋಗಲಿ ಎಂದು. ಹುಡುಗ ಬೆಳೆಯುತ್ತಿರುವುದು ನಮ್ಮ ಮನೆಯಲ್ಲೇ; ಅಪ್ಪಾ ಎಂದು ಕರೆಯುವುದು ಮಾತ್ರ ಹುಸೇನಸಾಬನನ್ನು.

ಮೊನ್ನೆ ಲಿಂಗಸುಗೂರಿನ ಕಚೇರಿಯಲ್ಲಿ ನಿಜಾಮರ ಸಾಲಗಿರಾಕ್ಕೆ, ಅಂದರೆ ಹುಟ್ಟುಹಬ್ಬಕ್ಕೆ, ಕಂದೀಲು ಕಟ್ಟಿ ಬಂದಿದ್ದೆ. ನಮ್ಮವನ ಹುಟ್ಟಿದ ದಿನಕ್ಕೂ ನಾಲ್ಕು ಕಂದೀಲು ಕಟ್ಟೋಣವೆಂದು ಇವತ್ತು ಹುಸೇನಸಾಬನನ್ನು ಕಟ್ಟೆಗೆ ಕರೆದೆ.

"ನನ್ನ ಮಗನ ಸಾಲಗಿರಾ ನನ್ನ ಮನ್ಯಾಗ ಆಗ್ಬೇಕು ನೋಡು" ಎಂದುಬಿಟ್ಟೆ.

ಹೆಂಡತಿ ಒಳಗಿಂದ ಓಡಿಬಂದಳು. "ಮೆಲ್ಲಕ ಮಾತಾಡ್ರಿ! ನಿಮ್ಮ ಮಗ ಅಂತ ಅದಕ್ಕ ಗೊತ್ತಾದ್ರ ಇವನ್ನೂ ಒಯ್ತೈತಿ."

ಹುಸೇನಸಾಬ ನನ್ನ ಮುಖ ನೋಡಲಿಲ್ಲ. "ನಮ್ಮ ಮನ್ಯಾಗ ಮಾಡೂಣ್ರಿ. ನೀವೂ ಬರ್ರಿ. ಮಂದಿ ಬಂದಂಗ ಬರ್ರಿ."

ಹೂಂ ಎಂದೆ. ಮಂದಿಯ ಮಗನಿಗೆ ಏನು ಉಡುಗೊರೆ ಒಯ್ಯಬೇಕೋ, ತಿಳಿದವರು ಹೇಳಿ.