ಒಂಬತ್ತು ಗಂಟೆಯ ಮಾತ್ರೆ

ಅಮ್ಮ ತೀರಿಕೊಂಡ ಮೇಲೂ ಕೆಲವು ವಾರ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಅಡುಗೆಮನೆಯಿಂದ ಅವಳ ದನಿ ಕೇಳುತ್ತಿತ್ತು: "ಮಾತ್ರೆ ತಗೊಂಡ್ಯೇನೋ?" ನಾನು ದೆವ್ವ ಭೂತ ನಂಬುವವನಲ್ಲ, ಇಪ್ಪತ್ತು ವರ್ಷ ಸರ್ಕಾರದ ಕಡತಗಳ ನಡುವೆ ಒಣಗಿದ ಆಸಾಮಿ. ಆದರೂ ದೆಹಲಿಯ ದ್ವಾರಕಾದ ನಮ್ಮ ನಾಲ್ಕನೇ ಮಹಡಿಯ ಮನೆಯಲ್ಲಿ "ತಗೊಂಡೆ ಅಮ್ಮಾ" ಎಂದು ಗಟ್ಟಿಯಾಗಿ ಉತ್ತರ ಕೊಡುತ್ತಿದ್ದೆ. ಹೆಂಡತಿ ಮೊದಮೊದಲು ಗಾಬರಿಯಿಂದ ನೋಡುತ್ತಿದ್ದಳು, ಆಮೇಲೆ ನೋಡುವುದನ್ನು ಬಿಟ್ಟಳು.

ನಾಲ್ಕು ವರ್ಷದ ಹಿಂದೆ ನನ್ನ ಎರಡೂ ಕಿಡ್ನಿಗಳು ಕೈಕೊಟ್ಟಾಗ ತನ್ನದೊಂದನ್ನು ಕೊಟ್ಟವಳು ಅಮ್ಮ. ಅದು ನನ್ನ ಹೊಟ್ಟೆಯ ಕೆಳಗೆ ಬಲಕ್ಕೆ ಕೂತಿದೆ, ಒತ್ತಿದರೆ ಕೈಗೆ ಸಿಗುತ್ತದೆ. ರೋಗ ತಡೆಯುವ ಮೈಯ ಕಾವಲಿಗೆ ಅಮ್ಮ ಅಂತ ಗೊತ್ತಾಗುವುದಿಲ್ಲ. ಹೊರಗಿನದು ಕಂಡರೆ ಕೊಲ್ಲುವುದಷ್ಟೇ ಅದಕ್ಕೆ ಗೊತ್ತು. ಆ ಕಾವಲನ್ನು ತಗ್ಗಿಸಿಡಲು ದಿನಕ್ಕೆರಡು ಹೊತ್ತು ಮಾತ್ರೆ, ಬದುಕಿರುವವರೆಗೂ. ಮಾತ್ರೆಯ ಜೊತೆ ಬಂದದ್ದು ಕೈನಡುಕ. ಕಾಫಿ ತುಳುಕಿದರೆ ಅಮ್ಮ, "ಚೆಲ್ಲಲಿ ಬಿಡು, ನೆಲ ಕುಡ್ಕೊಳ್ಳತ್ತೆ" ಎನ್ನುತ್ತಿದ್ದಳು.

ಒಂದು ಚಳಿಗಾಲದ ಮಧ್ಯಾಹ್ನ ನಮ್ಮ ವಸತಿ ಸೊಸೈಟಿಯ ಪಾರ್ಕಿನಲ್ಲಿ ಬಿಸಿಲು ಕಾಯಿಸುತ್ತ ಕೂತವಳು ಏಳಲಿಲ್ಲ. ಹೃದಯ ನಿಂತಿತ್ತು.

ಮೊದಲ ತಿಂಗಳ ಮಾಸಿಕಕ್ಕೆ ಮೆಟ್ರೊದಲ್ಲಿ ಬಂದ ಕನ್ನಡದ ಪುರೋಹಿತರು ನನ್ನ ಅಂಗೈಗೆ ಎಳ್ಳು ಹಾಕಿ ನೀರು ಬಿಟ್ಟರು. ಹೆಬ್ಬೆರಳು ತೋರುಬೆರಳಿನ ನಡುವಿಂದ ತಟ್ಟೆಗೆ ಇಳಿಯಬೇಕಾದ ನೀರು ಪಂಚೆಯ ಮೇಲೆಲ್ಲ ಚೆಲ್ಲಿತು. ಪಿಂಡವೂ ಕೈಯಲ್ಲೇ ಒಡೆಯಿತು. "ಕೈ ಸ್ವಲ್ಪ ಗಟ್ಟಿ ಹಿಡೀರಿ. ಅವರಿಗೆ ತಲುಪಬೇಕಲ್ಲ?" ಎಂದರು ಅವರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಆ ಮಾತು ನನ್ನನ್ನು ಹಿಡಿದುಕೊಂಡಿತು. ಕಿಡ್ನಿ ಕೊಟ್ಟವಳಿಗೆ ಒಂದು ಬೊಗಸೆ ನೀರು ತಲುಪಿಸಲಾಗದ ಮಗ! ಅವಳು ಎಲ್ಲೋ ಬಾಯಾರಿ ಕಾಯುತ್ತಿದ್ದಾಳೆ ಅನ್ನಿಸತೊಡಗಿತು.

ಅದಕ್ಕೇ, ನಡುಕ ಇಳಿಯಲೆಂದು, ಬೆಳಗಿನ ಎರಡು ಮಾತ್ರೆಗಳಲ್ಲಿ ಒಂದನ್ನು ಬಿಟ್ಟೆ. ಯಾರಿಗೂ ಹೇಳಲಿಲ್ಲ. ರಕ್ತಪರೀಕ್ಷೆಗೆ ನಾಲ್ಕು ದಿನ ಮುಂಚಿನಿಂದ ಮಾತ್ರ ಎರಡನ್ನೂ ನುಂಗುತ್ತಿದ್ದೆ. ಔಷಧದ ಮಟ್ಟ ಸರಿಯಾಗಿಯೇ ಬರುತ್ತಿತ್ತು. ಕೈನಡುಕ ಇಳಿಯಿತು. ನಾಲ್ಕನೇ ಮಾಸಿಕದಲ್ಲಿ ನೀರು ದಾರದಂತೆ ಇಳಿದಾಗ ಪುರೋಹಿತರು ತಲೆಯಾಡಿಸಿದರು. ಅಷ್ಟು ಹೊತ್ತಿಗೆ ಒಂಬತ್ತು ಗಂಟೆಯ ದನಿಯೂ ನಿಂತಿತ್ತು. ಅಮ್ಮ ತೃಪ್ತಳಾದಳು ಎಂದುಕೊಂಡೆ.

ಆಸ್ಪತ್ರೆಯಲ್ಲಿ ಕರ್ನಾಟಕದಿಂದ ಬಂದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬರಿದ್ದರು. ಅವರ ಅಧ್ಯಯನಕ್ಕೆಂದು ಪ್ರತಿ ಸಲ ಒಂದು ಟ್ಯೂಬು ರಕ್ತ ಹೆಚ್ಚಿಗೆ ಕೊಡುತ್ತಿದ್ದೆ. "ಹೆಚ್ಚುಕಡಿಮೆ ಎಲ್ಲರ ರಕ್ತದಲ್ಲೂ ಇರೋ ವೈರಸ್ ಸರ್, ಯಾರಿಗೂ ಏನೂ ಮಾಡಲ್ಲ. ಮೈಯ ಕಾವಲು ತಗ್ಗಿದಾಗ ಹೆಚ್ಚುತ್ತೆ, ಕಾವಲು ಎದ್ದಾಗ ಕಡಿಮೆ ಆಗುತ್ತೆ. ಅದನ್ನ ಎಣಿಸ್ತೀವಿ ಅಷ್ಟೇ" ಎಂದು ಮೊದಲೇ ವಿವರಿಸಿದ್ದರು. ಈ ಬಡಪಾಯಿ ವೈರಸ್ಸಿನಿಂದ ನನಗೇನು ಅಪಾಯ ಎಂದು ಸಹಿ ಹಾಕಿದ್ದೆ.

ಆರನೇ ತಿಂಗಳು ಅವರು ನನ್ನನ್ನು ಪಕ್ಕಕ್ಕೆ ಕರೆದರು. "ಔಷಧದ ಮಟ್ಟ ಸರಿ ಇದೆ ಸರ್, ಆದ್ರೆ ಅದು ಹೇಳೋದು ಎರಡು ಮೂರು ದಿನದ ಕತೆ. ವೈರಸ್ ಹೇಳೋದು ಎಷ್ಟೋ ವಾರದ್ದು. ಅದು ಇಳೀತಾನೇ ಇದೆ."

ನಾನು ಚಾಪೆ ಕೆಳಗೆ ತೂರಿದರೆ ಅದು ರಂಗೋಲಿ ಕೆಳಗೆ ತೂರಿತ್ತು.

ಅವರು ಮೆತ್ತಗೆ ಕೇಳಿದರು: "ಮಾತ್ರೆ ತಗೋತಿದೀರಾ ಸರ್?"

ಆಸ್ಪತ್ರೆಯಲ್ಲಿ ಇದನ್ನೇ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಕೇಳಿದವರಿಗೆ ತಿಂಗಳುಗಟ್ಟಲೆ ಸಲೀಸಾಗಿ ಸುಳ್ಳು ಹೇಳಿದ್ದೆ. ಕನ್ನಡದಲ್ಲಿ ಆ ಪ್ರಶ್ನೆಯನ್ನು ಅದುವರೆಗೆ ಕೇಳಿದವಳು ಅಮ್ಮ ಒಬ್ಬಳೇ. ಕಾರಿಡಾರಿನ ಕುರ್ಚಿಯಲ್ಲಿ ಕುಸಿದು ಎಲ್ಲವನ್ನೂ ಹೇಳಿ ಅತ್ತೆ.

ಬಯಾಪ್ಸಿ ಮಾಡಿದರು. ನನ್ನ ಮೈ ಅಮ್ಮನ ಕಿಡ್ನಿಯನ್ನು ತಿನ್ನತೊಡಗಿತ್ತು. ಚಿಕಿತ್ಸೆಯಿಂದ ಕಿಡ್ನಿ ಉಳಿಯಿತು, ಆದರೆ ಹಾಳಾದಷ್ಟು ಭಾಗ ಮರಳಿ ಬರಲಿಲ್ಲ. ಸತ್ತ ಅಮ್ಮನಿಗೆ ನೀರು ಮುಟ್ಟಿಸುವ ಹಠದಲ್ಲಿ, ಬದುಕಿ ಉಳಿದಿದ್ದ ಅಮ್ಮನನ್ನು ನಾನೇ ಕೊಲ್ಲಹೊರಟಿದ್ದೆ. ಆ ತಿಂಗಳುಗಳಲ್ಲಿ ಅವಳ ದನಿ ನಿಂತದ್ದು ತೃಪ್ತಿಯಿಂದಲ್ಲ ಎಂಬ ಭಯ ಈಗಲೂ ಹೋಗಿಲ್ಲ. ಒಂಬತ್ತಕ್ಕೆ ಅಡುಗೆಮನೆಯತ್ತ ಕಿವಿ ಇಟ್ಟು ನಿಲ್ಲುತ್ತೇನೆ. ಕುಕ್ಕರಿನ ಸೀಟಿ ಬಿಟ್ಟರೆ ಬೇರೇನೂ ಕೇಳುವುದಿಲ್ಲ.

ವರ್ಷಾಬ್ದಿಕದ ದಿನ ಪುರೋಹಿತರಿಗೆ ಇನ್ನೊಂದು ಮನೆಗೂ ಹೋಗಬೇಕಿತ್ತು, ಬೇಗ ಶುರು ಮಾಡಿದರು. ಎಳ್ಳು ಕೈಗೆ ಬರುವ ಹೊತ್ತಿಗೆ ಫೋನಿನ ಅಲಾರಂ ಹೊಡೆಯಿತು. ಒಂಬತ್ತು. ನಾನು ಎದ್ದು ಎರಡೂ ಮಾತ್ರೆಗಳನ್ನು ಬಾಯಿಗೆ ಹಾಕಿ ನೀರು ಕುಡಿದೆ.

"ಅಯ್ಯೋ, ತಾಯಿಯ ಕಾರ್ಯ ಮುಗಿಯೋವರೆಗೆ ಬಾಯಿಗೇನೂ ಹಾಕೋ ಹಾಗಿಲ್ಲ ಅಂತ ಹೇಳಿರಲಿಲ್ವೇ?" ಎಂದರು ಪುರೋಹಿತರು.

"ಇದೂ ಅಮ್ಮಂಗೇ ಹಾಕಿದ್ದು" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಬಳಿಕ ನನ್ನ ಅಂಗೈಗೆ ನೀರು ಬಿಟ್ಟರು. ಕೈ ನಡುಗಿತು. ಅರ್ಧ ನೀರು ತಟ್ಟೆಗೆ ಬಿತ್ತು, ಇನ್ನರ್ಧ ನೆಲಕ್ಕೆ. ಚೆಲ್ಲಲಿ ಎಂದು ಬಿಟ್ಟೆ.