ಹತ್ತು ಹಾಸಿಗೆಯ ಮನೆ

ಹುಬ್ಬಿನ ಮೇಲೆ, ಗಡ್ಡದ ತುದಿಯಲ್ಲಿ, ಕಿವಿಯ ಸಂದಿಯಲ್ಲಿ ಸದಾ ಹತ್ತಿ. ಹಾಸಿಗೆ ಹೊಲಿಯುವ ಚಾಚಾ ನಕ್ಕರೆ ಒಂದೆರಡು ಎಳೆ ಹಾರಿ ಎದುರಿದ್ದವರ ಮೂಗಿಗೇ ಬರುತ್ತಿತ್ತು. ಹುಣಸೂರಿನ ಹೈಸ್ಕೂಲಿಗೆ ವರ್ಗವಾಗಿ ಬಂದ ನಾನು ಮೊದಲ ಭೇಟಿಯಲ್ಲೇ ಅವರ ಮುಂದೆ ಸೀನಿದೆ. "ನೆಗಡಿ ಅಲ್ಲ ಟೀಚರಮ್ಮ, ಬೂರುಗದ ಹತ್ತಿ. ಹೆದರ್ಕೋಬ್ಯಾಡಿ," ಎಂದರು.

ನನ್ನ ಬಾಡಿಗೆ ಮನೆಯ ಪಕ್ಕದ ಖಾಲಿ ಜಾಗ ಅವರದು. ಅಪ್ಪನ ಸೈಟನ್ನು ಅಣ್ಣತಮ್ಮಂದಿರು ಹಂಚಿಕೊಂಡಾಗ ಇವರ ಪಾಲಿಗೆ ಉಳಿದ ತುಂಡು ಅದು. ಉಳಿದವರು ತಮ್ಮ ಪಾಲು ಮಾರಿಕೊಂಡು ಹೋದರು. ಚಾಚಾನ ಹೆಂಡತಿ ತೀರಿಹೋಗಿದ್ದರು. ಅವರು ತಮ್ಮ ಹಾಸಿಗೆ ಅಂಗಡಿಯ ಹಿಂದೆ, ಹತ್ತಿ ಮೂಟೆಗಳ ನಡುವೆ ಚಾಪೆ ಹಾಸಿ ಮಲಗುತ್ತಿದ್ದರು. ಸಾಲಿಗ್ರಾಮಕ್ಕೆ ಕೊಟ್ಟಿದ್ದ ಒಬ್ಬಳೇ ಮಗಳು ಬೆಳಗಿನ ಬಸ್ಸಿಗೆ ಬಂದರೆ ಸಂಜೆ ಬಸ್ಸಿಗೆ ವಾಪಸ್. ಹೆಣ್ಣುಮಗಳು ತಂಗಲು ಅಲ್ಲಿ ಜಾಗವೆಲ್ಲಿ?

"ನಮ್ಮನೇಲಿ ಉಳ್ಕೊಳ್ಳಲಿ ಬಿಡಿ ಚಾಚಾ," ಎಂದೆ ಒಮ್ಮೆ.

"ಮಗ್ಳು ಬಂದ್ರೆ ಅಪ್ಪನ ಮನೇಲಿ ಒಂದ್ ರಾತ್ರಿ ಇದ್ದೋಗ್ಬೇಕು ಕಣಮ್ಮ. ಪಕ್ಕದ ಮನೇಲಲ್ಲ."

ಆದರೆ ಮನೆ ಕಟ್ಟಲು ಕಾಯಿದೆ ಬಿಡುತ್ತಿರಲಿಲ್ಲ. ಇಷ್ಟು ಅಡಿಗಿಂತ ಚಿಕ್ಕ ಸೈಟಿಗೆ ಪ್ಲಾನ್ ಕೊಡುವಂತಿಲ್ಲವಂತೆ. ಪ್ಲಾನ್ ಇಲ್ಲದಿದ್ದರೆ ಕರೆಂಟೂ ಇಲ್ಲ. ಒಂದು ಸಲ ಜೊತೆಗೆ ನನ್ನನ್ನೂ ಪ್ಲಾನ್ ಕೊಡುವ ಆಫೀಸಿಗೆ ಕರೆದೊಯ್ದರು. "ಪಕ್ಕದ ಜಾಗ ಸೇರಿಸ್ಕೊಂಡು ಬನ್ನಿ ಸಾಬ್ರೇ," ಎಂದರು ಅಲ್ಲಿದ್ದವರು.

"ಪಕ್ಕದೋರು ಮನೆ ಕಟ್ಕೊಂಡು ಕೂತವ್ರೆ ಸಾರ್. ಅವ್ರನ್ನೂ ಸೇರಿಸ್ಕೊಳ್ಳಾ?"

ಎಲ್ಲರೂ ನಕ್ಕರು. ಚಾಚಾ ನಗಲಿಲ್ಲ. ಅಡಿ, ಚದರ ಎಲ್ಲ ಅವರಿಗೆ ಬೇಕಿರಲಿಲ್ಲ, ಏನನ್ನೇ ಆಗಲಿ ಹಾಸಿಗೆಯಲ್ಲೇ ಅಳೆಯುವುದು. "ನನ್ ಜಾಗದಲ್ಲಿ ಹತ್ತು ಡಬಲ್ ಹಾಸಿಗೆ ಹಿಡಿಸ್ತವೆ ಸಾರ್. ಮಗ್ಳಿಗೆ ಒಂದ್ ಹಾಸಿಗೆ ಹಾಸಾಕೆ ಸಾಲಲ್ವಾ?" ಎಂದು ಕೇಳಿದರು. ಅವರು ಮುಂದಿನವರನ್ನು ಕರೆದರು. ನನಗೆ ಮೈಯೆಲ್ಲ ಉರಿಯಿತು.

ಸುಮ್ಮನೆ ಕಟ್ಟಿಬಿಡಿ ಎಂದವರು ಬೇಕಾದಷ್ಟು ಜನ. "ಕಳ್ರಂಗೆ ಕಟ್ಟಿದ ಮನೇಲಿ ಮಗ್ಳನ್ನ ಮಲಗಿಸಲ್ಲ," ಎಂದು ಅವರ ಬಾಯಿ ಮುಚ್ಚಿಸುತ್ತಿದ್ದರು. ಬದಲಿಗೆ ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಮನೆ ಬರೆದರು. ಇದು ರೂಮು, ಇದು ಒಲೆ, ಇದು ಬಾಗಿಲು. ಮಳೆಗೆ ಅಳಿಸಿದರೆ ಮತ್ತೆ ಬರೆಯುತ್ತಿದ್ದರು. ಭಾನುವಾರ ಅದರೊಳಗೆ ಎರಡು ಸ್ಟೂಲು ಹಾಕಿ ನನ್ನನ್ನು ಚಹಾಕ್ಕೆ ಕರೆಯುತ್ತಿದ್ದರು. ನಾನು ಅಡ್ಡಾದಿಡ್ಡಿ ನಡೆದರೆ, "ಅಯ್ಯೋ, ಗೋಡೆ ತುಳೀತಿದ್ದೀರಲ್ಲ! ಬಾಗ್ಲಿಂದ ಬನ್ನಿ ಟೀಚರಮ್ಮ," ಎಂದು ಗದರುತ್ತಿದ್ದರು. ಎಂಥ ಹುಚ್ಚಪ್ಪಾ ಎಂದು ಬೈದುಕೊಂಡೇ ಸುತ್ತು ಹಾಕಿ ಬರುತ್ತಿದ್ದೆ. ಆದರೂ ನಿಜ ಹೇಳುತ್ತೇನೆ, ಆ ಊರಿನಲ್ಲಿ ಒಂಟಿ ಹೆಂಗಸಾದ ನನ್ನನ್ನು ಮನೆಗೆ ಬಾ ಎಂದು ಕರೆದವರು ಅವರೊಬ್ಬರೇ. ವಾರವೆಲ್ಲ ಭಾನುವಾರಕ್ಕೆ ಕಾಯುತ್ತಿದ್ದೆ.

ಕಡೆಗೂ ಕಾಯಿದೆ ಬದಲಾಯಿತು. ಚಿಕ್ಕ ಸೈಟಿಗೂ ಪ್ಲಾನ್ ಕೊಡುತ್ತಾರೆಂದು ತಿಳಿದ ದಿನ ಚಾಚಾ ಬಾಳೆಹಣ್ಣು ಹಿಡಿದು ಓಡಿ ಬಂದರು. "ನನ್ ಸೈಟೇನೂ ಬೆಳೀಲಿಲ್ಲ ಟೀಚರಮ್ಮ, ರೂಲ್ಸೇ ಬಗ್ತು!" ಅಂದೇ ಮಗಳಿಗೆಂದು ಹಾಸಿಗೆ ಹೊಲಿಯಲು ಕೂತರು. ಹಾಸಿಗೆ ಮುಗಿಯಿತು. ಪಾಯ ತೆಗೆಯುವ ಮೊದಲೇ ಎದೆನೋವು ಬಂತು. ಆಸ್ಪತ್ರೆ ತಲುಪುವಷ್ಟರಲ್ಲಿ ಚಾಚಾ ಇರಲಿಲ್ಲ.

ಮಣ್ಣು ಮುಗಿದ ಸಂಜೆ ಮಗಳು ಸೈಟು ನೋಡಬೇಕೆಂದಳು. ಸುಣ್ಣದ ಗೆರೆ ಇನ್ನೂ ಇತ್ತು. ಅದನ್ನು ಗಮನಿಸದೆ ನೇರ ಒಳಗೆ ಕಾಲಿಟ್ಟಳು.

"ಬಾಗ್ಲಿಂದ ಬಾಮ್ಮ," ಎಂದೆ. ಬಾಯಿಗೆ ತಾನಾಗಿ ಬಂತು.

ಅವಳಿಗೆ ತಕ್ಷಣ ಅರ್ಥವಾಯಿತು. ಹಿಂದೆ ಸರಿದು, ಸುತ್ತಿ ಬಂದು, ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದಳು. "ಅಬ್ಬಾ, ನಾನು ಬಂದೆ," ಎಂದು ಅಪ್ಪನಿಗೆ ಹೇಳಿ ನೆಲದ ಮೇಲೆ ಕೂತು ಅತ್ತಳು. ನಾನೂ ಪಕ್ಕದಲ್ಲಿ ಕೂತು ಅತ್ತೆ.

ಅಷ್ಟರಲ್ಲಿ ಸಾಲಿಗ್ರಾಮದ ಬಸ್ಸು ಹೊರಟುಹೋಗಿತ್ತು. ಅಪ್ಪ ಹೊಲಿದ ಹಾಸಿಗೆಯ ಮೇಲೆ ಅವಳು ಹುಣಸೂರಿನಲ್ಲಿ ಒಂದು ರಾತ್ರಿ ಇದ್ದು ಹೋದಳು. ಪಕ್ಕದ ಮನೆಯಲ್ಲಿ.